ನೋಡೋ ಕುರ್ಚಿ

ಅಯ್ಯೋ, ಅಲ್ಲಲ್ಲ... ಅಲ್ಲಿ ಕೂರಬೇಡಿ ಅತ್ತಿಗೆ! ಅದು ಕೂರೋಕಲ್ಲ. ಕುರ್ಚಿನೇ, ಕುರ್ಚಿ ಅಲ್ಲ ಅಂತ ಯಾರು ಹೇಳಿದ್ರು? ಆದ್ರೆ ಅದು ನೋಡೋ ಕುರ್ಚಿ. ಮೂಲೆಗೆ ಒಂದು ತೂಕ ಬರಲಿ ಅಂತ ಇಟ್ಟಿರೋದು. ತೂಕ ಅಂದ್ರೆ ನಿಮ್ಮ ತೂಕ ಅಲ್ಲ, ನೋಟದ ತೂಕ. ಬೇಜಾರ್ ಮಾಡ್ಕೋಬೇಡಿ, ಅದರ ಕಾಲು ಸಪೂರ, ಅಷ್ಟೇ. ಸೋಫಾನಾ? ಸೋಫಾ ಮೇಲೆ ಕೂರಬಹುದು... ಕೂರಬಹುದು, ಆದ್ರೆ ಆ ದಿಂಬುಗಳನ್ನೆಲ್ಲ ಒಂದೊಂದಾಗಿ ತೆಗೀಬೇಕು, ಏಳೋವಾಗ ಹೇಗಿತ್ತೋ ಹಾಗೇ ಇಡಬೇಕು. ಆ ಕ್ರಮ ನನಗೇ ಬಾಯಿಗೆ ಬರಲ್ಲ, ಫೋಟೋ ನೋಡ್ಕೊಂಡು ಇಡ್ತೀನಿ. ನಿಂತೇ ನೋಡ್ಬಿಡಿ. ಮನೆ ನೋಡೋಕೆ ತಾನೇ ಬಂದಿದ್ದು? ನಿಂತು ನೋಡಿದ್ರೇನೇ ಚೆಂದ.

ನಿಮ್ಮ ತಮ್ಮ ಇನ್ನೇನು ಬಂದ್ರು. ಇಲ್ಲೇ ಅಂಗಡಿವರೆಗೆ ಹೋಗಿದಾರೆ. ಇವತ್ತು ಅಂಗಡಿಗೆ ರಜಾನೇ, ಆದ್ರೂ ಯಾವುದೋ ಮಿಷನ್ನು ಅರ್ಜೆಂಟಂತೆ. ಹೊಲಿಗೆ ಮಿಷನ್ ರಿಪೇರಿ ಮಾಡೋರಿಗೆ ರಜಾ ಏನು, ಮಜಾ ಏನು, ನಿಮಗೆ ಗೊತ್ತಿಲ್ಲದ್ದಾ.

ಅದ್ಯಾವನು ಹಾರ್ನ್ ಹೊಡೀತಿರೋದು? ಯಾರದ್ದೋ ಸಾಮಾನು ಗಾಡಿ ಅತ್ತಿಗೆ, ನಮ್ಮ ಬಾಗಿಲಿಗೇ ಅಡ್ಡ ನಿಲ್ಲಿಸಿಕೊಂಡಿದಾನೆ. ಬೀದಿಯೆಲ್ಲ ಖಾಲಿ ಇದೆ, ಇವನಿಗೆ ನಮ್ಮ ಬಾಗಿಲೇ ಬೇಕು! ಇರಲಿ ಬಿಡಿ. ಪರದೆ ಎಳೆದುಬಿಡ್ತೀನಿ. ನೋಡಿದ್ರಾ, ಎಳೆದಾಗ ಹೇಗೆ ಬೀಳುತ್ತೆ? ನಾನೇ ಹೊಲಿದಿದ್ದು.

ಈ ಪರದೆಯಿಂದಲೇ ಎಲ್ಲ ಶುರುವಾಗಿದ್ದು. ನಾನು ಹೊಲಿದು ಕೊಡ್ತೀನಲ್ಲ, ಆ ಪರದೆ ಅಂಗಡಿಯೋರು ನನಗೊಂದು ಪಾಸ್ ಕೊಟ್ಟರು. "ನೀವು ಹೊಲಿದಿದ್ದು ಎಲ್ಲಿ ನೇತಾಡ್ತಿದೆ ಅಂತ ಹೋಗಿ ನೋಡ್ಕೊಂಡು ಬನ್ನಿ" ಅಂದ್ರು. ಹೋದೆ. ಒಂದು ಹಳೇ ದೊಡ್ಡ ಮನೆ. ವರ್ಷಕ್ಕೊಂದು ಸಲ ಅದನ್ನ ಖಾಲಿ ಮಾಡಿ, ಒಬ್ಬೊಬ್ಬ ಡಿಸೈನರ್‌ಗೆ ಒಂದೊಂದು ಕೋಣೆ ಬಿಟ್ಟುಕೊಡ್ತಾರಂತೆ. ಅವರು ತಮಗೆ ತೋಚಿದ ಹಾಗೆ ಸಿಂಗರಿಸಬೇಕು, ನಾವು ಟಿಕೆಟ್ ತಗೊಂಡು ನೋಡಬೇಕು. ಮದುವೆಗೆ ಹುಡುಗಿ ನೋಡೋಕೆ ಹೋದ ಹಾಗೆ, ಜನ ಸಾಲಾಗಿ ನಿಂತು, ಉಸಿರು ಬಿಗಿಹಿಡಿದು... ಏನ್ ಹೇಳ್ಲಿ ಅತ್ತಿಗೆ! ಅಲ್ಲಿ ಒಂದು ತಟ್ಟೆ ಸದ್ದಿಲ್ಲ, ಒಂದು ಒದ್ದೆ ಟವೆಲ್ ಇಲ್ಲ. ಪ್ರತಿ ಕೋಣೆ ಬಾಗಿಲಿಗೂ ಅಡ್ಡಡ್ಡ ಒಂದು ದಪ್ಪ ಹಗ್ಗ. ಒಳಗೆ ಯಾರೂ ಕಾಲಿಡೋ ಹಾಗಿಲ್ಲ. ನನಗೆ ಅನ್ನಿಸಿತು... ಮನೆ ಅಂದ್ರೆ ಹೀಗಿರಬೇಕು.

ನಗ್ತಿದೀರಾ? ಇಲ್ವಾ. ನಕ್ಕ ಹಾಗಿತ್ತು.

ಇನ್ನೊಂದು ಮಜಾ ಕೇಳಿ. ಯಾರೂ ಇಲ್ಲದ ಮನೆ, ಆದ್ರೆ ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಕಾಣಬೇಕು. ಅದೇ ಅವರ ಗುಟ್ಟು! ಮಂಚದ ಪಕ್ಕ ತೆರೆದಿಟ್ಟ ಪುಸ್ತಕ, ಪುಸ್ತಕದ ಮೇಲೆ ಮಗುಚಿಟ್ಟ ಕನ್ನಡಕ. ಮೇಜಿನ ಮೇಲೆ ಅರ್ಧ ಕುಡಿದ ಕಾಫಿ. ಆ ಕಾಫಿ ಏನು ಗೊತ್ತಾ? ಅಂಟು! ಬಣ್ಣ ಕಲಸಿದ ಅಂಟು. ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ. ಯಾರೂ ನೋಡದಾಗ ನಾನು ಹಗ್ಗದ ಕೆಳಗಿಂದ ಕೈ ಹಾಕಿ ಒಂದು ಚಪ್ಪಲಿ ತಿರುಗಿಸಿ ನೋಡ್ದೆ. ಅಡಿಯಲ್ಲಿ ಬೆಲೆ ಚೀಟಿ ಹಾಗೇ ಅಂಟಿಕೊಂಡಿದೆ! ಮೇಳ ಮುಗಿದ ಮೇಲೆ ಎಲ್ಲ ಅಂಗಡಿಗೆ ವಾಪಸ್ ಅಂತೆ. ನಿಮ್ಮ ತಮ್ಮನಿಗೆ ಹೇಳಿದೆ, "ಅಲ್ಲಿ ಯಾರು ಮಲಗ್ತಾರೆ?" ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ. "ಮತ್ತೆ ಚೊಕ್ಕಟವಾಗಿರದೆ ಇನ್ನೇನು" ಅಂದ್ರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ... ಅಯ್ಯೋ, ನಿಮ್ಮ ತಮ್ಮನನ್ನ ಕತ್ತೆ ಅಂದಿದ್ದಲ್ಲ, ಗಾದೆ ಹೇಳಿದ್ದು!

ಆಮೇಲೆ ದೊಡ್ಡ ಮೇಳಕ್ಕೂ ಹೋದೆ, ಮನೆ ಸಿಂಗರಿಸೋ ಬಿಸಿನೆಸ್ಸಿನೋರೇ ಸೇರೋದು. ನೀರೇ ಬಾರದ ನಲ್ಲಿಗಳು ಸಾಲು ಸಾಲು. ಎಲ್ಲಿಗೂ ತೆರೆಯದ ಬಾಗಿಲುಗಳು ಸಾಲು ಸಾಲು. ಅಲ್ಲಿ ಒಬ್ಬ ಬಿಳಿ ಷರ್ಟಿನ ಮಹಾಶಯ ವೇದಿಕೆ ಹತ್ತಿ ಈ ವರ್ಷದ ಬಣ್ಣ ಯಾವುದು ಅಂತ ಪ್ರಕಟಿಸಿದ. ಹ್ಞೂಂ, ವರ್ಷಕ್ಕೊಂದು ಬಣ್ಣ ಇರುತ್ತಂತೆ. ಈ ವರ್ಷದ್ದು 'ಮೌನ ಮರಳು.' ಇದೋ, ಈ ಗೋಡೆ ಇದೆಯಲ್ಲ, ಇದೇ. ಬಣ್ಣ ಬಳಿದು ನಾಲ್ಕು ದಿನ ಆದ ಮೇಲೆ ನಿಮ್ಮ ತಮ್ಮ ಗೋಡೆ ಮುಟ್ಟಿ "ಗಾರೆ ಇನ್ನೂ ಒಣಗಿಲ್ವಾ, ಬಣ್ಣ ಯಾವಾಗ ಹೊಡೀತಾರೆ?" ಅಂತ ಕೇಳಿದ್ರು. ಇಂಥವರನ್ನ ಕಟ್ಕೊಂಡು...

ಅತ್ತಿಗೆ, ಗೋಡೆಗೆ ಕೈ ಇಟ್ರಾ? ಇಲ್ಲ ಇಲ್ಲ, ಏನಿಲ್ಲ, ಒಂದು ಚೂರು ಕರೆ ಆಗಿದೆ. ಬಸ್ಸಿನ ಕಂಬ ಹಿಡಿದು ಬಂದಿರ್ತೀರಿ, ಅದರ ಜಿಡ್ಡು. ಒರೆಸ್ತೀನಿ ಬಿಡಿ, ಬಟ್ಟೆ ಸೊಂಟದಲ್ಲೇ ಸಿಕ್ಕಿಸಿಕೊಂಡಿರ್ತೀನಿ ಈಗ. ಹೋಗುತ್ತೆ... ಹೋಗ್ತಾ ಇಲ್ಲ. ಹೋಗುತ್ತೆ. ಆಮೇಲೆ ನೋಡ್ಕೋತೀನಿ.

ಅದನ್ನ ಯಾಕೆ ನೋಡ್ತಾ ನಿಂತ್ರಿ? ಆ ಬಾಗಿಲ ಹತ್ತಿರದ ಮೇಜಾ? ಅದಕ್ಕೆ ಆಮೇಲೆ ಬರೋಣ, ಅದನ್ನ ಕೊನೆಗೆ ತೋರಿಸ್ತೀನಿ. ಮೊದಲು ಅಡುಗೆಮನೆ, ಬನ್ನಿ.

ಎಲ್ಲಿ ಅಂತೀರಾ? ಇದೇ ಅಡುಗೆಮನೆ! ಅದೇ ಈಗಿನ ಹೊಸದು, ಅಡುಗೆಮನೆ ಅಂತ ಗೊತ್ತಾಗಬಾರದು. ಡಬ್ಬಿ ಕಾಣಬಾರದು, ಸೌಟು ಕಾಣಬಾರದು, ಹಿಡಿಕೆ ಸಹ ಕಾಣಬಾರದು. ಬಾಗಿಲಿಗೆ ಹಿಡಿಕೆನೇ ಇಲ್ಲ, ಒತ್ತಿದ್ರೆ ತೆರೆಯುತ್ತೆ. ಎಲ್ಲಿ ಒತ್ತಬೇಕು ಅಂತ ಗೊತ್ತಿರಬೇಕು ಅಷ್ಟೇ. ನಿಮ್ಮ ತಮ್ಮ ಒಂದು ದಿನ ನೀರು ಕುಡಿಯೋಕೆ ಲೋಟ ಹುಡುಕಿದ್ರು, ಈ ಕಡೆಯಿಂದ ಆ ಕಡೆ ತನಕ ಗೋಡೆ ಒತ್ತುತ್ತಾ ಹೋದ್ರು, ಕಳ್ಳ ನಿಧಿ ಹುಡುಕಿದ ಹಾಗೆ. ಒಂದು ಕಡೆ ಕಸದ ಬುಟ್ಟಿ ಈಚೆಗೆ ಬಂತು, ಇನ್ನೊಂದು ಕಡೆ ಏನೂ ಬರಲಿಲ್ಲ. ಕೊನೆಗೆ ನಲ್ಲಿಗೇ ಬಾಯಿ ಕೊಟ್ಟು ಕುಡಿದ್ರು. ನಾನು ನಕ್ಕೂ ನಕ್ಕೂ... ಅವರೂ ನಕ್ರು. ಮೊದಲು ನಕ್ರು.

ಕಾಫಿ ಮಾಡ್ಲಾ? ಬೇಡ್ವಾ? ಒಳ್ಳೇದೇ ಆಯ್ತು, ಒಲೆ ಒರೆಸಿ ಇಟ್ಟಿದೀನಿ. ಇಲ್ಲ, ಊಟಕ್ಕೆ ತೊಂದರೆ ಇಲ್ಲ, ಒಬ್ಬಳಿಗೆ ಎಷ್ಟು ಬೇಕು... ಒಬ್ಬಳು ಅಂದ್ರೆ, ಮಧ್ಯಾಹ್ನ. ಮಧ್ಯಾಹ್ನ ಅವರು ಅಂಗಡಿಯಲ್ಲೇ ತಿಂತಾರಲ್ಲ, ಅದಕ್ಕೆ.

ಮಲಗೋ ಕೋಣೆಗೆ ಹಗ್ಗ ಇದೆ, ಕಾಲೆತ್ತಿ ದಾಟಿ. ನಗೋದಾದ್ರೆ ನಕ್ಕುಬಿಡಿ, ಪರದೆ ಕಟ್ಟೋ ಹಗ್ಗ ಮಿಕ್ಕಿತ್ತು, ಕಟ್ಟಿದೆ. ಧೂಳು ಕಾಲಲ್ಲಿ ಬರೋದು ತಾನೇ? ಅವರು ಅಂಗಡಿಯಿಂದ ಬಂದ್ರೆ ಕಾಲು, ಕೈ, ಷರ್ಟು, ಎಲ್ಲ ಎಣ್ಣೆ. ಮುಟ್ಟಿದ್ದಕ್ಕೆಲ್ಲ ಎಣ್ಣೆ. ಕಿಟಕಿ ಹತ್ತಿರ ಅವರ ಬೆತ್ತದ ಕುರ್ಚಿ ಇತ್ತಲ್ಲ, ನಿಮಗೆ ನೆನಪಿರುತ್ತೆ, ಕೈ ಇಡೋ ಜಾಗ ಎರಡೂ ಕರ್ರಗಾಗಿ ಹೊಳೀತಿತ್ತು. ಬಂದ್ರೆ ಅದರಲ್ಲಿ ಕೂತು, ಕಾಲು ಕಿಟಕಿ ಕಟ್ಟೆ ಮೇಲೆ ಹಾಕಿ... ಅದನ್ನ ಹಳೇ ಸಾಮಾನಿನೋನಿಗೆ ಕೊಟ್ಟೆ. ಬೆತ್ತ ಬಿಚ್ಚಿಕೊಂಡಿತ್ತು ಅತ್ತಿಗೆ. ಅವರಿಗೆ ಹೇಳಿ ಕೊಟ್ಟೆ. ಕೊಟ್ಟ ಮೇಲೆ ಹೇಳಿದೆ. ಆಮೇಲೆ ಸ್ವಲ್ಪ ದಿನ ಬಂದೋರು ಬಾಗಿಲಲ್ಲೇ ನಿಂತಿರೋರು. ಯಾಕ್ರೀ ಅಂದ್ರೆ, "ಎಲ್ಲಿ ಕೂರ್ಲಿ ಅಂತ ನೋಡ್ತಿದೀನಿ" ಅನ್ನೋರು. ತಮಾಷೆಗೆ. ತಮಾಷೆಗೇ ಅಂದ್ಕೊಂಡಿದ್ದೆ.

ನೋಡಿ, ಇಲ್ಲಿ. ಪುಸ್ತಕ, ಅದರ ಮೇಲೆ ಅವರ ಕನ್ನಡಕ. ಹೇಗಿದೆ? ಈಗಷ್ಟೇ ಎದ್ದು ಹೋದ ಹಾಗಿಲ್ವಾ? ಹೂಂ, ಇದು ಅವರ ಹಳೇ ಕನ್ನಡಕ, ಹೊಸದು ಹಾಕ್ಕೊಂಡು ಹೋಗಿದಾರೆ. ಫ್ಯಾಕ್ಟರಿ ಕೆಲಸಕ್ಕೆ ಹೊಸದೇ ಬೇಕಲ್ಲ, ಸೂಜಿ ಕಣ್ಣು ನೋಡಬೇಕಲ್ಲ. ದೊಡ್ಡ ಬಟ್ಟೆ ಫ್ಯಾಕ್ಟರಿ, ಬೇರೆ ಊರು, ಸಾಲು ಸಾಲು ಮಿಷನ್ನು, ಇವರೇ ಬರಬೇಕು ಅಂತ ಹಟ ಮಾಡಿದ್ರಂತೆ... ಇನ್ನೂ ಸ್ವಲ್ಪ ದಿನ ಆಗುತ್ತೆ ಅಂತ ಕಾಣುತ್ತೆ.

ಏನು?

ನಾನು ಅಂಗಡಿ ಅಂದೆನಾ? ಆಗಲೇನಾ? ಅಂಗಡಿ ಅಂದ್ರೆ... ಅವರು ಎಲ್ಲಿ ಕೆಲಸ ಮಾಡಿದ್ರೂ ನನ್ನ ಬಾಯಲ್ಲಿ ಅಂಗಡಿ ಅಂತಲೇ ಬರೋದು ಅತ್ತಿಗೆ, ಅಭ್ಯಾಸ. ಫೋನ್ ಮಾಡ್ತಿರ್ತಾರೆ. ನಾನು ಮಾಡಿದ್ರೆ ಎತ್ತುತಾರೆ. "ಊಟ ಆಯ್ತಾ" ಅಂದ್ರೆ "ಹೂಂ" ಅಂತಾರೆ. ನೀವು ಅಕ್ಕ ತಮ್ಮ ಇಬ್ಬರಿಗೂ ಮಾತು ಅಷ್ಟಕ್ಕಷ್ಟೇ, ಮಿಕ್ಕಿದ್ದೆಲ್ಲ ನಾನೇ ಆಡಬೇಕು.

ಚಪ್ಪಲಿ ಯಾಕೆ ಎತ್ಕೊಂಡ್ರಿ? ಅದು ಅವರದ್ದೇ. ಮನೆಯೊಳಗೆ ಹಾಕ್ಕೊಳ್ಳೋದು. ಕೆಳಗಿಡಿ ಅತ್ತಿಗೆ, ಸಾಲು ತಪ್ಪುತ್ತೆ. ತಿರುಗಿಸಬೇಡಿ... ತಿರುಗಿಸಿದ್ರಾ.

ಹೊಸದು. ಚೀಟಿ ಕೀಳೋದು ಮರೆತೆ. ಬಂದ ಮೇಲೆ ಹಾಕ್ಕೊಳ್ಳಲಿ ಅಂತ ತಂದಿಟ್ಟೆ, ಅದರಲ್ಲೇನಿದೆ? ಗಂಡನಿಗೆ ಒಂದು ಜೊತೆ ಚಪ್ಪಲಿ ತಂದಿಡೋದೂ ತಪ್ಪಾ? ಹಾಗೆ ನೋಡಬೇಡಿ ನನ್ನ. ಬನ್ನಿ, ಹೊರಗೆ ಬನ್ನಿ, ಇಲ್ಲಿ ಸೆಖೆ.

ಮತ್ತೆ ಆ ಮೇಜಿನ ಹತ್ತಿರಾನೇ ನಿಂತ್ರಿ. ಆಯ್ತು, ಹೇಳ್ತೀನಿ. ಇದನ್ನ ಆ ಪ್ರದರ್ಶನದ ಮನೆಯಲ್ಲಿ ನೋಡಿ ಮಾಡಿಸಿದ್ದು. ಅಲ್ಲಿ ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲಿನ ಮೇಲೆ ಗಾಜು ಹಾಕಿ, ಗಾಜಿನ ಮೇಲೆ ಹೂದಾನಿ ಇಟ್ಟಿದ್ರು. ಜನ ಅದನ್ನ ಮುತ್ತಿಕೊಂಡು ಫೋಟೋ ತೆಗೀತಿದ್ರು. ನಾನು ನಿಂತು ನಗ್ತಿದ್ದೆ. ಅಲ್ಲ, ನಮ್ಮನೆಯಲ್ಲೇ ಇದೆಯಲ್ಲ, ಧೂಳು ತಿಂತಾ! ಮಿಷನ್ ರಿಪೇರಿಯೋನ ಹೆಂಡತಿ ನಾನು, ಇದನ್ನ ನೋಡೋಕೆ ಪಾಸ್ ತಗೊಂಡು ಅಲ್ಲಿವರೆಗೆ ಹೋಗಬೇಕಾಯ್ತಾ? ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಮನೆಗೆ ಬಂದವಳೇ ಬಡಗಿಯನ್ನ ಕರೆಸಿದೆ. ಅವನು ಮೇಲಿನ ಹಲಗೆ ಬಿಚ್ಚಿ, ಮಿಷನ್ನಿನ ತಲೆಯನ್ನ ಗೋಣಿಚೀಲದಲ್ಲಿ ಸುತ್ತಿ, ಬಚ್ಚಲ ಪಕ್ಕ ಇಟ್ಟ. ಕಾಲಿಗೆ ಬಣ್ಣ, ಮೇಲೆ ಗಾಜು. ಬೆಲ್ಟು ಬಿಚ್ಚಬೇಡ, ಚಕ್ರದ ಮೇಲೇ ಇರಲಿ ಅಂದೆ. ಚೆಂದ ಕಾಣುತ್ತೆ ಅಲ್ವಾ? ಯಾರೋ ಈಗಷ್ಟೇ ತುಳಿದು ಎದ್ದು ಹೋದ ಹಾಗೆ.

ಯಾವ ಮಿಷನ್ನು ಅಂತ ಕೇಳಬೇಡಿ. ನಿಮಗೆ ಗೊತ್ತು.

ನನ್ನ ಮಿಷನ್ನೇ. ಮದುವೆಗೆ ಮುಂಚಿನದು. ಈಗ ನಾನು ಹೊಲಿಯೋದೆಲ್ಲ ಕರೆಂಟಿನದ್ದರಲ್ಲಿ. ಅದನ್ನ ಮುಟ್ಟಿ ಎಷ್ಟೋ ವರ್ಷ ಆಗಿತ್ತು. ಅವರು ಮಾತ್ರ ಪ್ರತಿ ರಜಾ ದಿನ ಅದಕ್ಕೆ ಎಣ್ಣೆ ಬಿಟ್ಟು, ಒಂದು ಚಿಂದಿ ಬಟ್ಟೆ ಹಾಕಿ, ಆ ಕಡೆಯಿಂದ ಈ ಕಡೆಗೆ ಒಂದು ಹೊಲಿಗೆ ಓಡಿಸಿ ನೋಡೋರು. ಯಾಕ್ರೀ, ಯಾರೂ ಹೊಲಿಯಲ್ವಲ್ಲ ಅಂದ್ರೆ, "ಓಡ್ತಾ ಇರಬೇಕು" ಅನ್ನೋರು. ಅಷ್ಟೇ.

ಮದುವೆಗೆ ಮುಂಚೆ ಅದು ಎಷ್ಟು ಸಲ ಕೆಡ್ತಿತ್ತು ಗೊತ್ತಾ? ನಾನೇ ಕೆಡಿಸ್ತಿದ್ದೆ. ಒಂದು ಸಲ ದಾರ ತುರುಕಿದೆ, ಒಂದು ಸಲ ಸ್ಕ್ರೂ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಹಾಕಿದೆ. "ಮಿಷನ್ ಮತ್ತೆ ಕೆಟ್ಟಿದೆ, ಭಾರ, ಅಂಗಡಿಗೆ ತರೋಕಾಗಲ್ಲ, ಮನೆಗೇ ಬಂದು ನೋಡಬೇಕಂತೆ" ಅಂತ ತಂಗಿ ಕೈಲಿ ಇವರ ಅಂಗಡಿಗೆ ಹೇಳಿ ಕಳಿಸ್ತಿದ್ದೆ. ಬರೋರು. ಸ್ಕ್ರೂ ಎಲ್ಲಿ ಅಂತ ಕೇಳ್ತಿರಲಿಲ್ಲ, ಜೇಬಿಂದ ಇನ್ನೊಂದು ತೆಗೆದು ಹಾಕೋರು. ಕಳ್ಳ. ಮೊದಲನೇ ಸಲಾನೇ ಗೊತ್ತಾಗಿತ್ತಂತೆ, ಮದುವೆ ಆದ ಮೇಲೆ ಹೇಳಿದ್ರು.

ಹೋಗಲಿ ಅದು. ಅವತ್ತು ಸಂಜೆ ಬಂದ್ರು. ನಾನು ಇಲ್ಲೇ ನಿಂತಿದ್ದೆ, ಹೂದಾನಿ ಹಿಡ್ಕೊಂಡು, ಹೊಗಳ್ತಾರೆ ಅಂತ. ನೋಡಿದ್ರು. ಗಾಜಿನ ಮೇಲೆ ಕೈ ಇಟ್ರು. ಬಗ್ಗಿ ಚಕ್ರ ನೋಡಿದ್ರು. ಆಮೇಲೆ "ಇದು ಓಡ್ತಿತ್ತಲ್ಲ" ಅಂದ್ರು. ಒಂದೇ ಮಾತು. ಸಿಟ್ಟಿಲ್ಲ, ಏನಿಲ್ಲ. ನಾನು ಏನಂದೆ ಹೇಳ್ಲಾ? "ಕೈ ತೆಗೀರಿ, ಎಣ್ಣೆ ಅಂಟುತ್ತೆ" ಅಂದೆ.

ಅಷ್ಟಕ್ಕೆ ಯಾರಾದ್ರೂ... ಅಲ್ಲ, ಅಷ್ಟಕ್ಕೆ ಫ್ಯಾಕ್ಟರಿ ಕೆಲಸ ಒಪ್ಕೊಂಡ್ರು ಅಂತಲ್ಲ. ಅದು ಬೇರೆ, ಇದು ಬೇರೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಉಂಡಿದ್ರೆ, ಮಲಗಿದ್ರೆ, ಎಲ್ಲ ಸರಿ ಹೋಗ್ತಿತ್ತು. ಬೆಳಿಗ್ಗೆ ಎದ್ದು ನೋಡ್ತೀನಿ, ಬಚ್ಚಲ ಪಕ್ಕ ಗೋಣಿಚೀಲ ಇಲ್ಲ. ಎರಡು ಜೊತೆ ಬಟ್ಟೆ ಇಲ್ಲ. ಫ್ಯಾಕ್ಟರಿಯೋರು ಬೇಗ ಬನ್ನಿ ಅಂದಿದ್ರಂತೆ...

ಏನಾದ್ರೂ ಮಾತಾಡಿ ಅತ್ತಿಗೆ. ಬಂದಾಗಿಂದ ಒಬ್ಬಳೇ ಬಡ್ಕೋತಿದೀನಿ. ನೀವು ಒಂದು ಮಾತೂ...

ನೀವು ಕೇಳಲೇ ಇಲ್ಲ ಅಲ್ವಾ?

ಬಂದಾಗಿಂದ ಒಂದು ಸಲವೂ "ಅವನೆಲ್ಲಿ" ಅಂತ ಕೇಳಲಿಲ್ಲ. ನಾನೇ ಹೇಳ್ತಾ ಬಂದೆ. ಅಂಗಡಿಗೆ ಹೋಗಿದಾರೆ ಅಂದೆ, ಸುಮ್ಮನಿದ್ರಿ. ಬೇರೆ ಊರು ಅಂದೆ, ಆಗಲೂ ಯಾವ ಊರು ಅಂತ ಕೇಳಲಿಲ್ಲ. ತಮ್ಮನಿಗೆ ಒಂದು ಕೆಮ್ಮು ಬಂದ್ರೆ ಎರಡು ಬಸ್ಸು ಬದಲಾಯಿಸಿ ಬರೋ ಅಕ್ಕ ನೀವು. ಕಾಣದ ತಮ್ಮನನ್ನ ಕೇಳಲ್ಲ ಅಂದ್ರೆ...

ಇರಿ, ಈ ಸೊಂಟದ ಬಟ್ಟೆ ಮೂಸಿ ನೋಡ್ತೀನಿ. ಗೋಡೆ ಒರೆಸಿದ್ದು.

ಬಸ್ಸಿನ ಜಿಡ್ಡಲ್ಲ ಇದು, ಮಿಷನ್ ಎಣ್ಣೆ. ಇಷ್ಟು ವರ್ಷ ಇದೇ ವಾಸನೆ ಪಕ್ಕದಲ್ಲಿ ಮಲಗಿದೀನಿ, ನನಗೆ ಗೊತ್ತಾಗಲ್ವಾ. ನಿಮ್ಮ ಮನೇಲಿದಾರೆ. ಫ್ಯಾಕ್ಟರಿ ಅಲ್ಲ, ಮಣ್ಣೂ ಅಲ್ಲ, ನಿಮ್ಮ ಮನೇಲಿ, ನಿಮ್ಮ ಬಾಗಿಲ ಹಿಡಿಕೆ ಎಲ್ಲ ಎಣ್ಣೆ ಮಾಡ್ಕೊಂಡು ಕೂತಿದಾರೆ. ನಿಮ್ಮ ಮನೆ ಬಾಗಿಲಿಗೆ ಹಿಡಿಕೆ ಇರುತ್ತಲ್ಲ. ಅಲ್ಲಿ ಎಲ್ಲಿ ಕೂರ್ತಾರೆ ಅತ್ತಿಗೆ? ಕುರ್ಚಿ ಇದೆಯಾ ಅವರಿಗೆ?

ತಲೆ ಆಡಿಸಬೇಡಿ, ಹೇಳಿ... ಸರಿ, ಹೇಳಬೇಡಿ. ಇದೆ ಅಂತ ಗೊತ್ತಾಯ್ತು.

ಅವರು ಬಿಟ್ಟುಹೋದ್ರು ಅಂತ ನಾನು ಯಾರಿಗೂ ಹೇಳಿಲ್ಲ. ಬಾಯಿ ಬರಲಿಲ್ಲ. ಪಕ್ಕದ ಮನೆಯೋರು ಬಂದ್ರೆ ಕನ್ನಡಕ ತೋರಿಸಿದೆ, ಚಪ್ಪಲಿ ತೋರಿಸಿದೆ. ನಂಬಿದ್ರು. ಮೇಲೆ ತಳುಕು ಒಳಗೆ ಹುಳುಕು, ಇರಲಿ, ಮೇಲಿನದ್ದಾದ್ರೂ ಚೆನ್ನಾಗಿರಲಿ ಅಂತ ದಿನಾ ಒರೆಸ್ತಾ ಕೂತೆ.

ಮತ್ತೆ ಹಾರ್ನ್. ಆ ಗಾಡಿಯವನು ಇನ್ನೂ...

ಓಹೋ.

ಬರ್ತೀನಿ ಇರು ಅಂತ ಬಾಗಿಲ ಕಡೆ ಕೈ ಮಾಡಿದ್ರಲ್ಲ, ಗಾಡಿ ನಿಮ್ಮದಾ?

ಮನೆ ನೋಡೋಕೆ ಬಂದಿದ್ದಲ್ಲ ನೀವು. ಅದಕ್ಕೇ ಬಂದಾಗಿಂದ ಈ ಮೇಜು ಬಿಟ್ಟು ಕದಲ್ತಿಲ್ಲ. ಇದನ್ನ ಒಯ್ಯೋಕೆ ಕಳಿಸಿದಾರಾ? ತಲೆ ಅಲ್ಲಿದೆ, ಕಾಲು ತಗೊಂಡು ಬಾ ಅಂದ್ರಾ? ಅಲ್ಲೇ ಜೋಡಿಸಿ, ಅಲ್ಲೇ ಎಣ್ಣೆ ಬಿಟ್ಟು, ಅಲ್ಲೇ ಓಡಿಸ್ತಾರಂತಾ? ಹಾಗಾದ್ರೆ ಅವರು... ಇನ್ನು ಅವರು ಬರೋದೇ...

ಹೇಳಬೇಡಿ! ಅದನ್ನ ಮಾತ್ರ ಹೇಳಬೇಡಿ ಅತ್ತಿಗೆ. ಇಷ್ಟು ಹೊತ್ತು ಸುಮ್ಮನಿದ್ರಲ್ಲ, ಇನ್ನೂ ಒಂದು ಚೂರು ಸುಮ್ಮನಿರಿ.

ಈ ಹೂದಾನಿ ಹಿಡ್ಕೊಳ್ಳಿ. ಎಲ್ಲಾದ್ರೂ ಇಡಿ, ಆ ಸೋಫಾ ಮೇಲೆ ಎಸೀರಿ. ಗಾಜಿನ ಆ ಕಡೆ ನೀವು ಹಿಡೀರಿ, ಭಾರ ಇದೆ... ಹಾಂ, ಗೋಡೆಗೆ ಒರಗಿಸಿ. ಗೋಡೆಗೆ ತಾಗಿದ್ರೆ ತಾಗಲಿ. ಈಗ ಆ ಕತ್ತರಿ ಕೊಡಿ, ಕಿಟಕಿ ಮೇಲಿದೆ, ಪರದೆ ಕತ್ತರಿಸೋದು.

ಇಗೋ. ನೋಡಿದ್ರಾ? ಒಳ್ಳೇ ಚರ್ಮದ ಬೆಲ್ಟು, ಅವರೇ ಹಾಕಿದ್ದು. ಎರಡು ತುಂಡಾಯ್ತು.

ಕಣ್ಣು ಬಿಡಬೇಡಿ ಹಾಗೆ. ಗಾಡಿಯವನನ್ನ ಕಳಿಸಿಬಿಡಿ, ಒಯ್ಯೋಕೆ ಇಲ್ಲಿ ಏನೂ ಇಲ್ಲ. ಆಮೇಲೆ ಬಂದು ಆ ಕುರ್ಚಿ ಮೇಲೆ ಕೂತ್ಕೊಳ್ಳಿ. ಹೂಂ, ನೋಡೋ ಕುರ್ಚಿ ಮೇಲೇ, ಮುರಿದ್ರೆ ಮುರೀಲಿ. ಕೂತು ಅವರಿಗೆ ಫೋನ್ ಮಾಡಿ. ನಾನು ಮಾಡಿದ್ರೆ "ಹೂಂ" ಅಂತಾರೆ, ನೀವೇ ಮಾಡಿ. ಕಾಲು ಯಾಕೆ ತರಲಿಲ್ಲ ಅಂತ ಕೇಳಿದ್ರೆ ಹೀಗೇ ಹೇಳಬೇಕು, ಒಂದು ಅಕ್ಷರ ಆಚೀಚೆ ಆಗಬಾರದು: ಮಿಷನ್ ಮತ್ತೆ ಕೆಟ್ಟಿದೆ. ಭಾರ, ತರೋಕಾಗಲ್ಲ. ಮನೆಗೇ ಬಂದು ನೋಡಬೇಕಂತೆ.